ಮುಟ್ಟುವವರು ಯಾರು? ಸಾಂಕ್ರಾಮಿಕ ಕಾಲದ ಸಮಾಜವನ್ನು ಕುರಿತು



ಸಾಂಕ್ರಾಮಿಕ ಬಂದಾಗ ಮೊದಲು ವೈದ್ಯರನ್ನು ಕರೆಯುತ್ತಾರೆ, ಅದು ಸರಿಯೇ. ಆಮೇಲೆ ಪೊಲೀಸರನ್ನು ಕರೆಯುತ್ತಾರೆ. ಮಾನವಶಾಸ್ತ್ರದವರ ನೆನಪಾಗುವುದು ಜನ ಆಂಬುಲೆನ್ಸಿಗೆ ಕಲ್ಲು ಹೊಡೆದ ಮೇಲೆ, ಹೆಣ ಬಚ್ಚಿಟ್ಟ ಮೇಲೆ. ‘ಈ ಜನಕ್ಕೆ ಏನಾಗಿದೆ, ನೀವಾದರೂ ಹೇಳಿ’ ಎನ್ನುವ ಧಾಟಿ. ಆ ಪ್ರಶ್ನೆಯ ಹೊಟ್ಟೆಯಲ್ಲೇ ತೀರ್ಪೂ ಇರುತ್ತದೆ: ರೋಗ ಅರ್ಥವಾಗಿರುವುದು ನಮಗೆ, ಅರ್ಥವಾಗದೆ ಇರುವುದು ಅವರಿಗೆ. ಇವತ್ತು ಆ ತೀರ್ಪನ್ನು ಸ್ವಲ್ಪ ಅಲುಗಾಡಿಸಿ ನೋಡಬೇಕೆಂದಿದ್ದೇನೆ.

2000ನೇ ಇಸವಿಯ ಕೊನೆಯಲ್ಲಿ ಉತ್ತರ ಉಗಾಂಡದ ಗುಲು ಪ್ರದೇಶದಲ್ಲಿ ಎಬೋಲಾ ಕಾಣಿಸಿಕೊಂಡಿತು. 425 ಜನರಿಗೆ ತಗುಲಿತು, 224 ಮಂದಿ ಸತ್ತರು. ವಿಶ್ವ ಆರೋಗ್ಯ ಸಂಸ್ಥೆಯ ತಂಡದೊಂದಿಗೆ ಅಲ್ಲಿಗೆ ಹೋದ ಅಮೆರಿಕದ ಮಾನವಶಾಸ್ತ್ರಜ್ಞ ಬ್ಯಾರಿ ಹ್ಯೂಲೆಟ್ ಅಚೋಲಿ ಸಮುದಾಯದ ಹಿರಿಯರ ಜೊತೆ ಕೂತು ವಿಚಾರಿಸಿದರು. ಅಲ್ಲಿಯವರ ಪ್ರಕಾರ ‘ಗೆಮೊ’ ಎನ್ನುವುದು ಇದ್ದಕ್ಕಿದ್ದಂತೆ ಬಂದು ಬಹಳ ಜನರನ್ನು ಒಟ್ಟಿಗೆ ಬಡಿಯುವ ಒಂದು ಕೆಟ್ಟ ಶಕ್ತಿ. ಬಂದಿರುವುದು ಗೆಮೊ ಎಂದು ಹಿರಿಯರು ಒಮ್ಮೆ ತೀರ್ಮಾನಿಸಿದರೆ ಊರಿನ ನಡಾವಳಿಯೇ ಬದಲಾಗಿಬಿಡುತ್ತದೆ. ರೋಗಿಯನ್ನು ಬೇರೆ ಮನೆಗಳಿಂದ ದೂರದ ಒಂದು ಗುಡಿಸಲಲ್ಲಿ ಇಡಬೇಕು. ಆ ಮನೆಯ ಬಾಗಿಲ ಎರಡೂ ಬದಿಗೆ ಉದ್ದನೆಯ ಆನೆಹುಲ್ಲಿನ ಕೋಲು ನೆಡಬೇಕು, ನೋಡಿದವರಿಗೆ ಗೊತ್ತಾಗಲಿ ಎಂದು. ಊರಿಂದೂರಿಗೆ ಓಡಾಟ ಕಡಿಮೆಯಾಗಬೇಕು, ಹೊರಗಿನವರ ಮನೆಯ ಊಟ ಬೇಡ, ಕುಣಿತ ಬೇಡ, ಮನೆಯೊಳಗೆ ಜಗಳ ಬೇಡ. ರೋಗಿ ಚೇತರಿಸಿಕೊಂಡರೂ ಒಂದು ಚಾಂದ್ರಮಾಸ ಕಳೆಯುವವರೆಗೆ ಹೊರಗೆ ಬರುವಂತಿಲ್ಲ. ಸತ್ತರೆ ಊರಂಚಿನಲ್ಲಿ ಹೂಳಬೇಕು.

ಇವುಗಳ ನಡುವೆ ಒಂದು ನಿಯಮ ನನ್ನನ್ನು ಬಹಳ ಹಿಡಿದು ನಿಲ್ಲಿಸುತ್ತದೆ. ರೋಗಿಗೆ ಊಟ ಕೊಡುವವರು, ಆರೈಕೆ ಮಾಡುವವರು, ಸತ್ತರೆ ಹೂಳುವವರು ಅದೇ ರೋಗ ಬಂದು ಬದುಕಿ ಉಳಿದವರಾಗಿರಬೇಕು. ಪ್ರತಿಕಾಯ ಎಂಬ ಮಾತು ಕೇಳದ ಜನ ಮಾಡಿಕೊಂಡ ನಿಯಮ ಇದು. ರೋಗಿಯನ್ನು ಯಾರೂ ಮುಟ್ಟದೆ ಇರುವುದು ಸಾಧ್ಯವಿಲ್ಲ. ಹಾಗಾದರೆ ಯಾರು ಮುಟ್ಟಬೇಕು? ಅಚೋಲಿಯ ಹಿರಿಯರು ಎತ್ತಿಕೊಂಡ ಪ್ರಶ್ನೆ ಅದು. ಎಲ್ಲ ಸಾಂಕ್ರಾಮಿಕಗಳಲ್ಲೂ ಸಮಾಜ ಎದುರಿಸುವ ಮೂಲ ಪ್ರಶ್ನೆ ಇದೇ ಎಂಬುದು ನನ್ನ ಇವತ್ತಿನ ವಾದ. ಅಂತರ ಕಾಯುವುದು ಸಮಾಜಗಳಿಗೆ ಹೊಸದೇನಲ್ಲ. ಜಗಳ ಹುಟ್ಟುವುದು ಆ ಅಂತರವನ್ನು ಗೊತ್ತುಮಾಡುವವರು ಯಾರು, ಅಂತರ ದಾಟಿ ಹೋಗಿ ಮುಟ್ಟುವ ಕೆಲಸ ಯಾರ ತಲೆಗೆ ಎಂಬಲ್ಲಿ.

ನಮ್ಮ ನಾಡಿನಲ್ಲಿ ಇದಕ್ಕೆ ದೊಡ್ಡ ಸಾಕ್ಷಿ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ರೈಲು ಹಳಿ ಹಿಡಿದು ದಕ್ಷಿಣಕ್ಕೆ ಇಳಿದು, ಹುಬ್ಬಳ್ಳಿಯ ಮೂಲಕ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಮುಂದಿನ ಮೂರು ದಶಕಗಳಲ್ಲಿ ಇಂಡಿಯಾದಲ್ಲಿ ಸುಮಾರು ಒಂದು ಕೋಟಿ ಇಪ್ಪತ್ತು ಲಕ್ಷ ಜನ ಪ್ಲೇಗಿಗೆ ಬಲಿಯಾದರು. ಹಳೆಯ ತಲೆಮಾರಿನವರ ನೆನಪಿನಲ್ಲಿ ಪ್ಲೇಗು ಉಳಿದಿರುವುದು ಇಂಥ ಅಂಕಿಗಳಾಗಿ ಅಲ್ಲ. ‘ಇಲಿ ಬಿತ್ತು, ಊರು ಬಿಟ್ಟರು’ ಎಂದು ಉಳಿದಿದೆ. ಮನೆಯ ಅಟ್ಟದಿಂದ, ಸೂರಿನಿಂದ ಇಲಿ ಸತ್ತು ಬಿದ್ದರೆ ದನಕರು, ಪಾತ್ರೆ ಪಡಗ, ಮುದುಕರು ಮಕ್ಕಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಳ್ಳುವುದು. ತಿಂಗಳುಗಟ್ಟಲೆ ಅಲ್ಲೇ ಅಡುಗೆ, ಅಲ್ಲೇ ಬಾಣಂತನ. ಹಿಮಾಲಯದ ಗಢವಾಲ, ಕುಮಾಊಂ ಕಡೆಯ ಹಳ್ಳಿಗರು ಇಲಿ ಸತ್ತರೆ ಮನೆ ಬಿಡುವ ಪದ್ಧತಿಯನ್ನು ಅದಕ್ಕೂ ಮೊದಲಿನಿಂದ ಪಾಲಿಸುತ್ತಿದ್ದರು. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೋನ್ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯಿಂದ ಇಲಿಗೆ, ಇಲಿಯಿಂದ ಮನುಷ್ಯರಿಗೆ ರೋಗ ದಾಟಿಸುವುದು ಚಿಗಟ ಎಂದು ಹೇಳಿದಾಗ ವಿಜ್ಞಾನಿಗಳೇ ಮೂಗು ಮುರಿದರು. ಅದು ಎಲ್ಲರೂ ಒಪ್ಪುವಂತೆ ಖಚಿತವಾಗುವ ಹೊತ್ತಿಗೆ ಇಪ್ಪತ್ತನೇ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಆ ಹತ್ತು ವರ್ಷ ಸರ್ಕಾರ ಮೋರಿಗೆ ಫಿನಾಯಿಲ್ ಸುರಿಯುತ್ತ, ಹಂಚು ಕಿತ್ತು ಮನೆಯೊಳಕ್ಕೆ ಬಿಸಿಲು ಬಿಡುತ್ತ ಕಳೆಯಿತು. ಇಲಿ ಬಿದ್ದ ಮನೆಯನ್ನು ಬಿಟ್ಟವನು ಚಿಗಟವನ್ನೂ ಹಿಂದೆ ಬಿಟ್ಟು ಬಂದಿದ್ದ.

ಹಾಗಾದರೆ ಮನೆ ಬಿಡಲು ತಾವಾಗಿ ಸಿದ್ಧರಿದ್ದ ಜನ ಸರ್ಕಾರ ‘ಬಿಡಿ’ ಎಂದಾಗ ದಂಗೆ ಎದ್ದರೇಕೆ? 1897ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಎರಡು ಪುಟ ತುಂಬದಷ್ಟು ಚಿಕ್ಕದು, ಅಧಿಕಾರ ಮಾತ್ರ ಅಪಾರ. ಯಾರ ಮನೆಗೂ ನುಗ್ಗಬಹುದು, ಯಾರನ್ನೂ ಎತ್ತಿಕೊಂಡು ಹೋಗಬಹುದು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಸಂದಿ ಮುಟ್ಟಿ ಗಡ್ಡೆ ಇದೆಯೇ ಎಂದು ನೋಡುತ್ತಿದ್ದರು, ಹೆಂಗಸರನ್ನೂ. ಪುಣೆಯಲ್ಲಿ ಸೈನಿಕರು ದೇವರ ಮನೆಗೆ, ಅಡುಗೆ ಮನೆಗೆ ನುಗ್ಗಿದರು. 1896ರ ಅಕ್ಟೋಬರಿನಲ್ಲೇ ಮುಂಬಯಿಯ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಮುಗಿಬಿದ್ದಿದ್ದರು. 1897ರ ಜೂನ್ 22ರ ರಾತ್ರಿ ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್‌ ಮೇಲೆ ಚಾಪೇಕರ್ ಸೋದರರು ಗುಂಡು ಹಾರಿಸಿದರು. ಮೈಸೂರು ಸಂಸ್ಥಾನವೂ ಇದಕ್ಕೆ ಹೊರತಾಗಲಿಲ್ಲ. 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆಯಾಯಿತು. ಇತಿಹಾಸಕಾರ ಡೇವಿಡ್ ಆರ್ನಾಲ್ಡ್ ಆ ಕಾಲದ ದಾಖಲೆಗಳನ್ನು ಓದಿ, ವಸಾಹತು ಆಡಳಿತಕ್ಕೂ ಜನಕ್ಕೂ ನಡೆದ ಜಗಳದ ನಡುಬಿಂದುವೇ ದೇಹ ಎಂದು ತೋರಿಸಿದ್ದಾರೆ.

ಹೊಲದ ಗುಡಿಸಲನ್ನೂ ಸರ್ಕಾರದ ಪ್ಲೇಗ್ ಶಿಬಿರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಹೊಲಕ್ಕೆ ಹೋಗುವುದು ಇಡೀ ಮನೆ. ಅಜ್ಜಿಯ ಹಾಸಿಗೆಯ ಪಕ್ಕ ಸೊಸೆ ಇರುತ್ತಾಳೆ, ಕೊಟ್ಟಿಗೆಯ ಹಸುವೂ ಜೊತೆಗೆ ಬಂದಿರುತ್ತದೆ, ಕೂಗಿದರೆ ನೆಂಟರು ಓಗೊಡುತ್ತಾರೆ. ಊರಿನವರು ಊರಿನವರಾಗಿಯೇ ಉಳಿದು ಜಾಗ ಬದಲಾಯಿಸಿರುತ್ತಾರೆ, ಅಷ್ಟೆ. ಶಿಬಿರಕ್ಕೆ ಒಯ್ಯುವುದು ಒಬ್ಬರನ್ನು. ಅಲ್ಲಿ ಮುಟ್ಟುವವರು ಅಪರಿಚಿತರು, ಉಣ್ಣಿಸುವವರ ಕುಲಗೋತ್ರ ತಿಳಿಯದು, ಸತ್ತರೆ ಸುಟ್ಟರೋ ಹೂತರೋ ಮನೆಗೆ ಸುದ್ದಿ ಬರುವುದು ಎಲ್ಲ ಮುಗಿದ ಮೇಲೆ. ಎರಡೂ ಪ್ರತ್ಯೇಕಿಸುವ ವಿಧಾನಗಳೇ. ಒಂದು ಸಂಬಂಧವನ್ನು ಉಳಿಸಿಕೊಂಡು ಜಾಗ ಕಡಿಯುತ್ತದೆ, ಇನ್ನೊಂದು ಸಂಬಂಧವನ್ನೇ ಕಡಿಯುತ್ತದೆ. ಮುಂಬಯಿಯಲ್ಲಿ ಆಯಾ ಸಮುದಾಯದವರು ತಮ್ಮವರಿಗೆಂದು ಆಸ್ಪತ್ರೆ ತೆರೆಯಲು ಬಿಟ್ಟ ಮೇಲೆ ಪ್ರತಿರೋಧ ಎಷ್ಟೋ ಇಳಿಯಿತು. ಜಾತಿಗೊಂದು ಆಸ್ಪತ್ರೆ ಎಂದರೆ ಇವತ್ತು ಕಿವಿಗೆ ಹಿತವಲ್ಲ, ನನಗೂ ಅಲ್ಲ. ಆದರೆ ಆ ರೋಗಿಗಳು ಕೇಳುತ್ತಿದ್ದದ್ದು ‘ನನ್ನನ್ನು ಮುಟ್ಟುವ ಕೈ ಯಾರದ್ದು ಎಂದು ನನಗೆ ಗೊತ್ತಿರಲಿ’ ಎಂಬುದನ್ನು. ಹತ್ತೊಂಬತ್ತನೇ ಶತಮಾನದ ಕೊನೆಗೆ ಸರ್ಕಾರವೂ ಬಲವಂತವನ್ನು ಸಡಿಲಿಸಿ, ಊರು ಬಿಡುವ ಜನರ ಪದ್ಧತಿಗೆ ನೆರವಾಗುವ ಕಡೆಗೆ ವಾಲಿತು.

ಬಲವಂತವಿಲ್ಲದ ದಾರಿಯೂ ಮೈಸೂರಿಗೆ ಗೊತ್ತಿಲ್ಲದ್ದಲ್ಲ. ಸುಮಾರು 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಮೈಸೂರಿನ ರಾಣಿಯರ ಚಿತ್ರವೊಂದಿದೆ. ಬಲಗಡೆಯ ಎಳೆಯ ರಾಣಿ ಸೀರೆಯ ಸೆರಗನ್ನು ಸ್ವಲ್ಪ ಸರಿಸಿ ತೋಳು ತೋರಿಸುತ್ತಿದ್ದಾಳೆ. ಅದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗ, ಜನ ನೋಡಿ ಧೈರ್ಯ ತಾಳಲಿ ಎಂದು ಬರೆಸಿದ ಚಿತ್ರ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ವಾದ ನಿಲ್ಲುವುದಾದರೆ, ಅರಮನೆಯ ಹೆಣ್ಣುಮಗಳ ತೋಳು ಅಲ್ಲಿ ಸುಗ್ರೀವಾಜ್ಞೆಯ ಕೆಲಸ ಮಾಡಿದೆ.

ಈಗ ಮಾರಮ್ಮನ ವಿಷಯಕ್ಕೆ ಬರೋಣ. 2021ರ ಮೇ ತಿಂಗಳಲ್ಲಿ ಕೊಯಮತ್ತೂರಿನ ಹತ್ತಿರದ ಇರುಗೂರಿನಲ್ಲಿ ಕೊರೊನಾ ದೇವಿಯ ಪ್ರತಿಷ್ಠೆಯಾಯಿತು. ನಮ್ಮ ಕೊಳ್ಳೇಗಾಲದ ಕಡೆಯೂ ಕೊರೊನಾ ಮಾರಮ್ಮ ಬಂದಳು. ಸಾಮಾಜಿಕ ಜಾಲತಾಣಗಳಲ್ಲಿ ನಕ್ಕವರೇ ನಕ್ಕರು. ನಕ್ಕವರಿಗೆ ಬೆಂಗಳೂರಿನಲ್ಲೂ ಕೊಯಮತ್ತೂರಿನಲ್ಲೂ ಇವತ್ತಿಗೂ ಪೂಜೆಗೊಳ್ಳುವ ಪ್ಲೇಗ್ ಅಮ್ಮಂದಿರ ಗುಡಿಗಳು ಗೊತ್ತಿರಲಿಲ್ಲವೇನೋ. ಮಾರಮ್ಮ ರೋಗವನ್ನು ತರುವವಳೂ ಹೌದು, ಇಳಿಸುವವಳೂ ಹೌದು. ಅವಳನ್ನು ಕೊಲ್ಲುವ ಮಾತೇ ಇಲ್ಲ. ಕರೆದು, ಉಣ್ಣಿಸಿ, ತಂಪು ಮಾಡಿ, ತಮಟೆ ಬಡಿದು ಗಡಿಯಾಚೆಗೆ ಸಾಗಿಸುವುದು. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಮನೆಮನೆಗೆ ಬರುವ ಆಟಿ ಕಳಂಜನ ಕೆಲಸವೂ ಊರಿನ ಮಾರಿಯನ್ನು ಕಳೆಯುವುದೇ. ಸಿಡುಬು ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ನೆಂಟರು ಹೊಸ್ತಿಲು ತುಳಿಯುತ್ತಿರಲಿಲ್ಲ. ಅಚೋಲಿಯ ಹುಲ್ಲಿನ ಕೋಲು ಮಾಡುತ್ತಿದ್ದದ್ದೂ ಇದನ್ನೇ. ಎರಡು ಖಂಡಗಳ ಜನ ಒಬ್ಬರನ್ನೊಬ್ಬರು ನೋಡದೆ ಕಟ್ಟಿಕೊಂಡ ನಡಾವಳಿ ಇಷ್ಟು ಹತ್ತಿರ ಬಂದಾಗ ಅದನ್ನು ಮೂಢನಂಬಿಕೆಯ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದು ಸೋಮಾರಿತನ.

ಹಾಗೆಂದು ಮಾರಮ್ಮನ ವಕಾಲತ್ತನ್ನು ನಾನು ಪೂರ್ತಿ ವಹಿಸಿಕೊಂಡಿಲ್ಲ. ಜಾತ್ರೆಗೆ ಜನ ಸೇರಿದರೆ ರೋಗಕ್ಕೂ ಹಬ್ಬ. ಇನ್ನೊಂದು ಮಾತಿದೆ: ಗಡಿಯಾಚೆಗೆ ಸಾಗಿಸಿದ ಮಾರಿ ಹೋಗುವುದು ಪಕ್ಕದ ಊರಿಗೆ. ಆ ಊರಿನವರು ತಮ್ಮ ಗಡಿಯಾಚೆಗೆ ಸಾಗಿಸಬೇಕು. 2020ರ ಮಾರ್ಚ್ ಕೊನೆಯಲ್ಲಿ ಹಳ್ಳಿಗಳ ಬಾಯಿಗೆ ಮುಳ್ಳುಕಂಟಿ ಎಳೆದು, ರಸ್ತೆ ಅಗೆದು, ಬೆಂಗಳೂರಿನಿಂದ ನಡೆದು ಬಂದ ತಮ್ಮ ಮಕ್ಕಳನ್ನೇ ಹೊರಗೆ ನಿಲ್ಲಿಸಿದಾಗ ಕಂಡದ್ದು ಇದೇ ತರ್ಕ. ಪ್ಲೇಗಿನ ಕಾಲದಲ್ಲಿ ಊರು ಹೊಲಕ್ಕೆ ಹೋಗಿತ್ತು. ಈ ಸಲ ನಗರ ಬಿಟ್ಟವರಿಗೆ ಊರೂ ಸಿಗಲಿಲ್ಲ, ಹೊಲವೂ ಇರಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ವಾದ ವಾಟ್ಸ್ಆ್ಯಪ್‌ನಲ್ಲಿ ತುಂಬಾ ಓಡಿತು: ನಮ್ಮ ಮಡಿ ಮೈಲಿಗೆಯೇ ವಿಜ್ಞಾನ, ಹಿರಿಯರು ಅಂತರ ಕಾಯುವುದನ್ನು ಅಂದೇ ಹೇಳಿದ್ದರು ಎಂದು. ಇದಕ್ಕೆ ಉತ್ತರ ಕೊಡುವ ಹೊಣೆ ನನ್ನ ಶಾಸ್ತ್ರದ್ದು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಪುಸ್ತಕದಲ್ಲಿ ಎಚ್ಚರಿಸಿದ್ದು ಇದನ್ನೇ: ಶೌಚ ಅಶೌಚದ ನಿಯಮಗಳನ್ನು ಹಿಂಬಾಗಿಲಿನಿಂದ ವೈದ್ಯಶಾಸ್ತ್ರವೆಂದು ಸಾಬೀತು ಮಾಡಲು ಹೋದರೆ ಅವು ಯಾವ ಕೆಲಸಕ್ಕೆ ಇವೆ ಎನ್ನುವುದೇ ಮರೆತುಹೋಗುತ್ತದೆ. ಮಡಿಯ ಕೆಲಸ ಶ್ರೇಣಿಯನ್ನು ಕಾಯುವುದು. ವೈರಸ್ಸಿಗೆ ಮೇಲು ಕೀಳು ತಿಳಿಯದು. ಮಡಿಗೆ ಅದು ಬಿಟ್ಟರೆ ಬೇರೆ ತಿಳಿಯದು. ಕೆಮ್ಮುತ್ತಿರುವ ಸೋದರಮಾವ ಪಂಕ್ತಿಯಲ್ಲಿ ಪಕ್ಕ ಕೂರಬಹುದು, ಆರೋಗ್ಯವಾಗಿರುವ ಪೌರಕಾರ್ಮಿಕ ಜಗುಲಿ ಹತ್ತುವಂತಿಲ್ಲ ಎಂದರೆ ಅದು ಯಾವ ರೋಗಾಣುವಿನಿಂದ ರಕ್ಷಣೆ?

ಬೆಂಗಳೂರಿನ ಬೀದಿಗಳಲ್ಲೇ ಇದು ಕಾಣುತ್ತದೆ. ಪ್ಲೇಗಿನ ನಂತರ ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಮಲ್ಲೇಶ್ವರ, ಬಸವನಗುಡಿ ತುಂಬಿಕೊಂಡವು. ದಂಡು ಪ್ರದೇಶದಲ್ಲಿ ಇಲಿ ಸೇರದಂಥ ಮನೆಗಳ ಲೆಕ್ಕಾಚಾರದಲ್ಲಿ ಫ್ರೇಜರ್ ಟೌನ್ ಎದ್ದಿತು. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕನ್ಸರ್ವೆನ್ಸಿ ಓಣಿ. ಆ ಓಣಿ ಯಾಕೆ? ಮಲ ಹೊರುವವರು ಮನೆಯ ಮುಂದಿನ ರಸ್ತೆಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಎಂದು. ನಗರದ ಆರೋಗ್ಯ ಯೋಜನೆ ಎಂದು ನಾವು ಹೆಮ್ಮೆಪಡುವ ನಕ್ಷೆಯೊಳಗೆ ಮುಟ್ಟುವ ಕೆಲಸ ಯಾರದ್ದು ಎಂಬ ತೀರ್ಮಾನವೂ ಸುಣ್ಣ ಇಟ್ಟಿಗೆಯಲ್ಲಿ ಸೇರಿಕೊಂಡಿದೆ.

ಆ ತೀರ್ಮಾನವನ್ನು ಮುರಿದವರೂ ಇದ್ದರು. ಸಾವಿತ್ರಿಬಾಯಿ ಫುಲೆ ಮತ್ತು ಅವರ ಮಗ, ವೈದ್ಯ ಯಶವಂತ, 1897ರಲ್ಲಿ ಪುಣೆಯ ಹೊರವಲಯದಲ್ಲಿ ಪ್ಲೇಗ್ ರೋಗಿಗಳಿಗೆ ಚಿಕಿತ್ಸಾಲಯ ತೆರೆದರು. ಮುಂಢ್ವಾದ ಮಹಾರ್ ಕೇರಿಯ ಹುಡುಗನೊಬ್ಬನನ್ನು ಸಾವಿತ್ರಿಬಾಯಿ ಹೆಗಲ ಮೇಲೆ ಹೊತ್ತು ತಂದರು. ಹುಡುಗ ಉಳಿದ. ಅವರಿಗೆ ರೋಗ ತಗುಲಿ ಮಾರ್ಚ್ 10ರಂದು ತೀರಿಕೊಂಡರು.

ಬದುಕಿದ್ದವರನ್ನು ಮುಟ್ಟುವುದಕ್ಕಿಂತ ಜಟಿಲವಾದದ್ದು ಸತ್ತವರನ್ನು ಮುಟ್ಟುವುದು. ಕನ್ನಡದ ಓದುಗರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಬಂದಾಗ ಅದನ್ನು ಬ್ರಾಹ್ಮಣ್ಯದ ಬಿಕ್ಕಟ್ಟಿನ ಕಥೆಯೆಂದೇ ಹೆಚ್ಚಾಗಿ ಓದಿದೆವು. ಸಾಂಕ್ರಾಮಿಕದ ಕಥೆಯೆಂದು ಓದಿ ನೋಡಿ. ನಾರಣಪ್ಪ ಜ್ವರ ಹೊತ್ತು ಊರಿಗೆ ಬಂದು ಸಾಯುತ್ತಾನೆ, ಅಗ್ರಹಾರದಲ್ಲಿ ಇಲಿ ಬೀಳುತ್ತವೆ, ಹೆಣ ಮನೆಯಲ್ಲಿದೆ, ಸಂಸ್ಕಾರ ಮಾಡುವವರು ಯಾರೆಂದು ಶಾಸ್ತ್ರದ ಓಲೆಗಳಲ್ಲಿ ಹುಡುಕಾಟ ನಡೆದಿದೆ. ಕೊನೆಗೆ ಚಂದ್ರಿಯ ಮೊರೆಗೆ ಓಗೊಟ್ಟು ರಾತ್ರಿಯಲ್ಲಿ ಗಾಡಿ ಹೂಡಿ ಹೆಣ ಸುಡುವವನು ಅಹ್ಮದ್ ಬ್ಯಾರಿ. 2020–21ರಲ್ಲಿ ಬೆಂಗಳೂರಿನ ಸ್ಮಶಾನಗಳಲ್ಲಿ ಪಿಪಿಇ ತೊಟ್ಟು, ತಮಗೆ ಸಂಬಂಧವೇ ಇಲ್ಲದ ಜಾತಿ ಧರ್ಮಗಳವರ ಹೆಣಕ್ಕೆ ಹೆಗಲು ಕೊಟ್ಟ ಸ್ವಯಂಸೇವಕರ ತಂಡಗಳನ್ನು ಕಂಡವರಿಗೆ ಆ ಅಧ್ಯಾಯ ಕಾದಂಬರಿಯ ತಂತ್ರವೆಂದು ಅನ್ನಿಸಲಾರದು.

1907ರಲ್ಲಿ ರೋಬರ್ ಹರ್ಟ್ಸ್ ಎಂಬ ಫ್ರೆಂಚ್ ಯುವಕ ಬೋರ್ನಿಯೊದ ದಾಯಕ್ ಜನರ ಎರಡು ಹಂತದ ಶವಸಂಸ್ಕಾರವನ್ನು ಕುರಿತು ಪ್ರಬಂಧವೊಂದನ್ನು ಬರೆದ. ಉಸಿರು ನಿಲ್ಲುವುದು ಒಂದು ಕ್ಷಣ. ಸಾವು ಪೂರ್ತಿಯಾಗುವುದು ಮಾತ್ರ ನಿಧಾನವಾಗಿ, ಬದುಕಿರುವವರು ಮಾಡುವ ಕೆಲಸಗಳ ಮೂಲಕ ಎಂಬುದು ಅವನ ನಿಲುವು. ನಾವು ಬಾಯಿಗೆ ಅಕ್ಕಿಕಾಳು ಹಾಕಿ, ಕೊಳ್ಳಿಯಿಟ್ಟು, ಬೂದಿ ಬಿಟ್ಟು, ಹನ್ನೊಂದೋ ಹದಿಮೂರೋ ದಿನ ಕಳೆದು ಮಾಡುವುದೂ ಅದನ್ನೇ. ಪಶ್ಚಿಮ ಆಫ್ರಿಕದಲ್ಲಿ 2014ರಲ್ಲಿ ಎಬೋಲಾ ಹಬ್ಬಿದಾಗ ಶವ ತೊಳೆಯುವುದೇ ರೋಗದ ದೊಡ್ಡ ದಾರಿಯಾಗಿತ್ತು, ನಿಜ. ಅದಕ್ಕೆ ತಂಡಗಳು ಬಂದು ಹೆಣವನ್ನು ಚೀಲಕ್ಕೆ ತುಂಬಿ ಒಯ್ದವು. ಜನ ಹೆಣ ಬಚ್ಚಿಟ್ಟು ರಾತ್ರಿ ಹೂಳತೊಡಗಿದರು, ರೋಗ ಹೆಚ್ಚಾಯಿತು.

ಗಿನಿಯ ಅರಣ್ಯ ಪ್ರದೇಶದ ಒಂದು ಪ್ರಸಂಗ ಕೇಳಿ. ಕಿಸ್ಸಿ ಸಮುದಾಯದ ಗರ್ಭಿಣಿಯೊಬ್ಬಳು ಸತ್ತಳು. ಹೊಟ್ಟೆಯ ಮಗುವನ್ನು ಬೇರ್ಪಡಿಸದೆ ಹೂಳುವಂತಿಲ್ಲ, ಹೂತರೆ ಊರಿಗೇ ಕೇಡು ಎಂಬುದು ಅವರ ಕಟ್ಟಳೆ. ಸೋಂಕಿತ ಶವವನ್ನು ಕೊಯ್ಯುವುದೆಂದರೆ ಇನ್ನಷ್ಟು ಸಾವು. ಎರಡೂ ಕಡೆಯವರು ಹಟ ಹಿಡಿದರು. ಮಾನವಶಾಸ್ತ್ರಜ್ಞೆ ಜೂಲಿಯೆನ್ ಅನೊಕೊ ಹೋಗಿ ಹಿರಿಯರ ಜೊತೆ ಮಾತಾಡುತ್ತ ಕೂತರು. ಕಟ್ಟಳೆ ಮುರಿದಾಗ ಮಾಡುವ ಪರಿಹಾರದ ವಿಧಿಯೊಂದು ಅವರಲ್ಲೇ ಇರುವುದು ಗೊತ್ತಾಯಿತು. ಅದನ್ನು ಬಲ್ಲ ಹಿರಿಯರೊಬ್ಬರನ್ನು ಹುಡುಕಿ ತಂದು ವಿಧಿ ನಡೆಸಿದರು, ಶವವನ್ನು ಕೊಯ್ಯದೆ ಹೂತರು. ಯಾವ ಸಂಪ್ರದಾಯವಾದರೂ ತನ್ನನ್ನು ಮುರಿಯುವ ದಾರಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ, ಕೇಳುವ ವ್ಯವಧಾನ ಬೇಕು. ಅದೇ ವರ್ಷದ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ತಿದ್ದಿತು: ಅಂತ್ಯಕ್ರಿಯೆ ಸುರಕ್ಷಿತವಾಗಿದ್ದರೆ ಸಾಲದು, ಗೌರವದಿಂದಲೂ ಆಗಬೇಕು, ಮನೆಯವರು ನೋಡಬಹುದು, ಧರ್ಮಗುರು ಪ್ರಾರ್ಥಿಸಬಹುದು.

ಆರು ವರ್ಷದ ನಂತರ, 2020ರ ಜೂನ್ ಕೊನೆಗೆ, ಬಳ್ಳಾರಿಯಲ್ಲಿ ಪ್ಲಾಸ್ಟಿಕ್ ಸುತ್ತಿದ ಶವಗಳನ್ನು ಒಂದೇ ಗುಂಡಿಗೆ ಎಸೆಯುವ ವಿಡಿಯೊ ಹರಿದಾಡಿತು. ಜಿಲ್ಲಾಡಳಿತ ಕ್ಷಮೆ ಕೇಳಿತು. ಮಾರ್ಗಸೂಚಿ ಬರೆದವರೂ ಎಸೆದವರೂ ಒಬ್ಬರೇ ಅಲ್ಲ. ಎಸೆದವರ ಕೈಗೆ ಆ ಕೆಲಸ ಬಂದದ್ದು ಹೇಗೆ, ಅವರಿಗೆ ತರಬೇತಿ ಎಷ್ಟು, ಕೂಲಿ ಎಷ್ಟು ಎಂದು ಆ ವಿಡಿಯೊ ನೋಡಿ ಕೆರಳಿದವರಲ್ಲಿ ಕೇಳಿದವರು ಕಡಿಮೆ.

2021ರ ಜೂನ್ ಮೊದಲ ವಾರ, ಎರಡನೇ ಅಲೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಪಡೆಯದೆ ಉಳಿದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಯಲ್ಲಿ ವಿಧಿಪೂರ್ವಕ ಬಿಟ್ಟರು. ರಾಜಕೀಯ ಪ್ರಚಾರ ಎಂದು ಕೆಲವರು ಅಂದರು, ಇದ್ದರೂ ಇರಬಹುದು. ನನ್ನ ಕುತೂಹಲ ಬೇರೆ. ರೋಗ ಹರಡೀತೆಂದು ಹೆಣವನ್ನು ಮನೆಯವರ ಕೈಯಿಂದ ತೆಗೆದುಕೊಂಡ ಸರ್ಕಾರ ಕೊನೆಗೆ ಮಗನ ಸ್ಥಾನದಲ್ಲಿ ನಿಂತು ತರ್ಪಣ ಬಿಡಬೇಕಾಯಿತು. ಹಾಗೆ ಬಿಡದಿದ್ದರೆ ಆ ಸಾವುಗಳು ಮುಗಿಯುತ್ತಿರಲಿಲ್ಲ ಎಂದು ಆಡಳಿತಕ್ಕೂ ಅನ್ನಿಸಿತ್ತು. ಹರ್ಟ್ಸ್ ಹೇಳಿದ ಎರಡನೇ ಹಂತ ಕಂದಾಯ ಇಲಾಖೆಯ ಕಡತದಲ್ಲೇ ನಡೆಯಿತು.

ಕೊನೆಯದಾಗಿ, ಮುಟ್ಟುವವರ ಮಾತು. 2020ರಲ್ಲಿ ಮನೆಮನೆಗೆ ಹೋಗಿ ಜ್ವರ ಇದೆಯೇ, ಊರಿಂದ ಯಾರು ಬಂದರು ಎಂದು ಕೇಳಿ ಬರೆದುಕೊಂಡವರು ಆಶಾ ಕಾರ್ಯಕರ್ತೆಯರು. ಕೆಲವು ಕಡೆ ಬೈಗುಳ ತಿಂದರು, ಬೆಂಗಳೂರಿನಲ್ಲಿ ಹಲ್ಲೆಯೂ ಆಯಿತು. 1897ರಲ್ಲಿ ಬಾಗಿಲು ತಟ್ಟಿದ ಸೈನಿಕನಿಗೂ ಇವರಿಗೂ ದೊಡ್ಡ ವ್ಯತ್ಯಾಸವಿದೆ: ಇವರು ಅದೇ ಬೀದಿಯವರು, ಯಾರ ಮನೆಯ ಸೊಸೆಗೆ ಎಷ್ಟು ತಿಂಗಳು ಎಂದು ಬಲ್ಲವರು. ಪ್ಲೇಗಿನ ಕಾಲದ ಜನ ಬೇಡುತ್ತಿದ್ದ ಪರಿಚಯದ ಕೈ ಇದೇ. ಸರ್ಕಾರ ಅದಕ್ಕೆ ಸಂಬಳ ಕೊಡುವುದಿಲ್ಲ, ಗೌರವಧನ ಕೊಡುತ್ತದೆ. 2020ರ ಜುಲೈ 10ರಿಂದ ರಾಜ್ಯದ ನಲವತ್ತು ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನವನ್ನೂ ಸುರಕ್ಷಾ ಸಾಮಗ್ರಿಯನ್ನೂ ಕೇಳಿ ಕೆಲಸ ನಿಲ್ಲಿಸಿದರು. ಕೇಳಿದ್ದು ಸಿಗದೆ ವಾರಗಳ ನಂತರ ಮತ್ತೆ ಬೀದಿಗಿಳಿದು ಜ್ವರ ನೋಡತೊಡಗಿದರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಧರಣಿ ಕೂತ ಮೇಲೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು.